904ಎಲ್‌, 6-ಮೋಲಿ ಸ್ಟೇನ್‌ಲೆಸ್‌: ಯಾವ ಫಿಲ್ಲರ್‌, ಹೇಗೆ ವೆಲ್ಡಿಂಗ್‌

ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ ಇರಲಿ, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಇರಲಿ, ಸ್ಟೇನ್‌ಲೆಸ್‌ ಕೆಲಸ ಎಂದರೆ ಬಹುತೇಕ 304 ಮತ್ತು 316ಎಲ್‌. ಹಾಲಿನ ಟ್ಯಾಂಕು, ಹೋಟೆಲ್‌ ಅಡುಗೆಮನೆಯ ಕಟ್ಟೆ, ಅಡಿಕೆ ಬೇಯಿಸುವ ಹಂಡೆ. ಇವಕ್ಕೆ ಫಿಲ್ಲರ್‌ ಆಗಿ, ಅಂದರೆ ಜೋಡಣೆಗೆ ಕರಗಿಸಿ ತುಂಬುವ ಲೋಹವಾಗಿ, 308ಎಲ್‌ ಇಲ್ಲವೇ 316ಎಲ್‌ ವಯರ್‌ ಹಿಡಿದರೆ ಕೆಲಸ ಮುಗಿಯಿತು, ಕರೆಂಟ್‌ ಸ್ವಲ್ಪ ಹೆಚ್ಚುಕಮ್ಮಿಯಾದರೂ ಲೋಹ ಸಹಿಸಿಕೊಳ್ಳುತ್ತದೆ. ಗಂಧಕಾಮ್ಲದ ಲೈನು, ಕಾಗದ ಕಾರ್ಖಾನೆಯ ಬ್ಲೀಚಿಂಗ್‌ ವಿಭಾಗದ ಪೈಪು, ಘಟ್ಟದ ಕೆಳಗಿನ ಸಮುದ್ರನೀರಿನ ಕೆಲಸ ಬಂದಾಗ ಮಾತ್ರ ಡ್ರಾಯಿಂಗ್‌ನಲ್ಲಿ 904ಎಲ್‌ ಅಥವಾ 254 ಎಸ್‌ಎಂಒ ಎಂದು ಬರೆದಿರುತ್ತದೆ. ಎರಡನೆಯದು 6-ಮೋಲಿ ಉಕ್ಕು, ಅಂದರೆ ನೂರಕ್ಕೆ ಸುಮಾರು 6 ಭಾಗ ಮಾಲಿಬ್ಡಿನಮ್‌ (ಮೋಲಿ) ಇರುವಂಥದ್ದು. ನೋಡಲು 316ರ ಹಾಗೆಯೇ ಹೊಳೆಯುವ ಶೀಟು. ಅದೇ ಕೈ, ಅದೇ ವಯರ್‌ ಬಳಸಿದರೆ ವೆಲ್ಡ್‌ ಹೊರನೋಟಕ್ಕೆ ಚೆನ್ನಾಗಿಯೇ ಬರುತ್ತದೆ, ಆದರೆ ಆಸಿಡ್‌ ಹರಿಯತೊಡಗಿದ ಮೇಲೆ ಶೀಟು ಹಾಗೇ ಉಳಿದು ಜೋಡಣೆಯ ಗೆರೆ ಮಾತ್ರ ತೂತಾಗುತ್ತದೆ.

ಹಾಗಾಗಿ ಈ ಉಕ್ಕುಗಳಲ್ಲಿ ಫಿಲ್ಲರ್‌ ಮೋಲಿಯಂಥ ಬೆರಕೆ ಲೋಹಗಳಲ್ಲಿ ಶೀಟಿಗೆ ಕನಿಷ್ಠ ಸಮವಾಗಿ, 6-ಮೋಲಿಗಾದರೆ ಶೀಟಿಗಿಂತ ಶ್ರೀಮಂತವಾಗಿ ಇರಬೇಕು, ಶಾಖ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಕೆಳಗಿನ ವಿವರವೆಲ್ಲ ಈ ಎರಡರ ಸುತ್ತಲೇ ಇದೆ.

ಮೊದಲು ಕೈಯಲ್ಲಿರುವುದು ಏನು ಎಂದು ತಿಳಿಯಿರಿ

ಆಯಸ್ಕಾಂತ ಹಿಡಿದು ನೋಡುವ ಪದ್ಧತಿಯನ್ನು ಇಲ್ಲಿ ಬಿಟ್ಟುಬಿಡಿ. 304, 316, 904ಎಲ್‌, 254 ಯಾವುದಕ್ಕೂ ಆಯಸ್ಕಾಂತ ಹಿಡಿಯುವುದಿಲ್ಲ. ಅಗ್ಗದ 202, ಜೆ4 ಶೀಟಿಗೂ ಹಿಡಿಯುವುದಿಲ್ಲ. ಬ್ಯಾಟರಿ ಮತ್ತು ದ್ರಾವಣದ ಹನಿ ಬಳಸುವ ಮೋಲಿ ಟೆಸ್ಟ್‌ ಕಿಟ್‌ ಮಾಲಿಬ್ಡಿನಮ್‌ ಇದೆಯೋ ಇಲ್ಲವೋ ಹೇಳುತ್ತದೆಯೇ ಹೊರತು 2 ಭಾಗವೋ 6 ಭಾಗವೋ ಹೇಳುವುದಿಲ್ಲ. ಮಿಲ್‌ ಸರ್ಟಿಫಿಕೇಟಿನ ಹೀಟ್‌ ನಂಬರನ್ನು, ಅಂದರೆ ಆ ಲೋಹ ಕರಗಿಸಿದ ತಂಡದ ಸಂಖ್ಯೆಯನ್ನು, ಶೀಟಿನ ಮೇಲಿನ ಮುದ್ರೆಯ ಜೊತೆ ಹೋಲಿಸಿ. ಅನುಮಾನ ಬಂದರೆ ಎಕ್ಸ್‌ರೇಯಿಂದ ಸಂಯೋಜನೆ ಓದುವ ಎಕ್ಸ್‌ಆರ್‌ಎಫ್‌ ಗನ್‌ ಇರುವವರನ್ನು ಕರೆಸಿ ಪಿಎಂಐ (ಲೋಹ ಗುರುತಿಸುವ ಪರೀಕ್ಷೆ) ಮಾಡಿಸಿ. ಫಿಲ್ಲರ್‌ ರಾಡಿಗೂ ಇದೇ ಪರೀಕ್ಷೆ ಮಾಡಿಸುವುದು ಜಾಣತನ. ಕಟ್ಟು ಬಿಚ್ಚಿ ಡಬ್ಬಿಗೆ ಸುರಿದ ರಾಡುಗಳೆಲ್ಲ ಒಂದೇ ಥರ ಕಾಣುತ್ತವೆ. ತುದಿಯಲ್ಲಿ ಗುರುತು ಅಚ್ಚಾಗಿರುವ ರಾಡನ್ನು ಗುರುತಿಲ್ಲದ ತುದಿಯಿಂದ ಬಳಸಿ, ಉಳಿದ ತುಂಡಿನಲ್ಲೂ ಗುರುತು ಉಳಿಯುತ್ತದೆ.

ಸಂಯೋಜನೆ ಸ್ಥೂಲವಾಗಿ, ಶೇಕಡಾ ಲೆಕ್ಕದಲ್ಲಿ, ಹೀಗೆ. 316ಎಲ್‌ನಲ್ಲಿ ಕ್ರೋಮಿಯಂ 17, ನಿಕಲ್‌ 10ರಿಂದ 12, ಮಾಲಿಬ್ಡಿನಮ್‌ 2ಕ್ಕೆ ಸ್ವಲ್ಪ ಮೇಲೆ. 904ಎಲ್‌ನಲ್ಲಿ ಕ್ರೋಮಿಯಂ 20, ನಿಕಲ್‌ 25, ಮಾಲಿಬ್ಡಿನಮ್‌ 4.5, ತಾಮ್ರ 1.5. ಗಂಧಕಾಮ್ಲಕ್ಕೆ ಅದು ತಡೆಯಲು ಆ ತಾಮ್ರವೂ ಒಂದು ಕಾರಣ. 254 ಎಸ್‌ಎಂಒದಲ್ಲಿ ಕ್ರೋಮಿಯಂ 20, ನಿಕಲ್‌ 18, ಮಾಲಿಬ್ಡಿನಮ್‌ 6.1, ಜೊತೆಗೆ 0.2 ನೈಟ್ರೋಜನ್‌. ಚುಕ್ಕಿ ತುಕ್ಕಿಗೆ ಲೋಹ ಎಷ್ಟು ತಡೆಯುತ್ತದೆ ಎಂದು ಅಳೆಯಲು ಪಿಆರ್‌ಇಎನ್‌ ಎಂಬ ಅಂಕಿ ಇದೆ. ಕ್ರೋಮಿಯಂ ಶೇಕಡಾಕ್ಕೆ ಮಾಲಿಬ್ಡಿನಮ್‌ನ 3.3 ಪಟ್ಟು, ನೈಟ್ರೋಜನ್‌ನ 16 ಪಟ್ಟು ಕೂಡಿಸಿದರೆ ಅದು ಸಿಗುತ್ತದೆ. 316ಎಲ್‌ಗೆ ಸುಮಾರು 24, 904ಎಲ್‌ಗೆ 35, 254ಕ್ಕೆ 43. ಫಿಲ್ಲರ್‌ ಆರಿಸುವಾಗ ಈ ಲೆಕ್ಕವನ್ನು ವಯರ್‌ಗೂ ಹಾಕಿ.

ಫಿಲ್ಲರ್‌ ಯಾಕೆ ಶ್ರೀಮಂತವಾಗಿರಬೇಕು

ಕರಗಿದ ಲೋಹ ಗಟ್ಟಿಯಾಗುವಾಗ ಒಟ್ಟಿಗೇ ಹೆಪ್ಪುಗಟ್ಟುವುದಿಲ್ಲ. ಸಣ್ಣ ಸಣ್ಣ ಕೊಂಬೆಗಳಾಗಿ ಬೆಳೆಯುತ್ತದೆ. ಮೊದಲು ಹುಟ್ಟುವ ಕೊಂಬೆಯ ನಡುಭಾಗ ಮಾಲಿಬ್ಡಿನಮ್‌ ಅನ್ನು ಹೊರಗೆ ತಳ್ಳುತ್ತದೆ, ಅದು ಕೊಂಬೆಗಳ ಸಂದಿಯಲ್ಲಿ ಹೋಗಿ ಸೇರುತ್ತದೆ. 6 ಭಾಗ ಮೋಲಿ ಇರುವ ಶೀಟನ್ನು ಫಿಲ್ಲರ್‌ ಇಲ್ಲದೆ ಕರಗಿಸಿ ಬೆಸೆದರೆ ಕೊಂಬೆಯ ನಡುವೆ ಉಳಿಯುವುದು ಸುಮಾರು 4 ಭಾಗ ಮಾತ್ರ. ತುಕ್ಕು ಹಿಡಿಯುವುದು ಸರಾಸರಿಗೆ ಅಲ್ಲ, ಅತಿ ಬಡವಾದ ಜಾಗಕ್ಕೆ. ಮೇಲಾಗಿ ವೆಲ್ಡ್‌ ಎಂಬುದು ದೊಡ್ಡ ಶೀಟಿನ ನಡುವಿನ ಸಣ್ಣ ಗೆರೆ. ಸಣ್ಣ ಜಾಗ ದುರ್ಬಲವಾಗಿದ್ದು ಸುತ್ತಲಿನ ದೊಡ್ಡ ಜಾಗ ಗಟ್ಟಿಯಾಗಿದ್ದರೆ ಸವೆತವೆಲ್ಲ ಆ ಗೆರೆಯ ಮೇಲೇ ಬೀಳುತ್ತದೆ.

ಆದ್ದರಿಂದ 254 ಎಸ್‌ಎಂಒ ಮತ್ತು ಇತರ 6-ಮೋಲಿ ಶೀಟುಗಳಿಗೆ ಅದೇ ಸಂಯೋಜನೆಯ ವಯರ್‌ ಸಾಲದು. ನಿಕಲ್‌ ಮೂಲದ ವಯರ್‌ ಬೇಕು. ಎಲ್ಲರಿಗೂ ಗೊತ್ತಿರುವುದು ಇಆರ್‌ ನಿಕ್ರೋಮೋ-3, ಅಂಗಡಿಯಲ್ಲಿ 625 ವಯರ್‌ ಎನ್ನುವುದು ಇದನ್ನೇ. ಇದರಲ್ಲಿ ಕ್ರೋಮಿಯಂ 20ರಿಂದ 23, ಮಾಲಿಬ್ಡಿನಮ್‌ 8ರಿಂದ 10. ಕೊಂಬೆಯ ನಡುವೆ ಒಂದಷ್ಟು ಕಳೆದುಕೊಂಡರೂ 6ರ ಮಟ್ಟ ಉಳಿಯುತ್ತದೆ. ಒಂದು ಕೊರತೆ ಎಂದರೆ ಇದರಲ್ಲಿರುವ 3ರಿಂದ 4 ಭಾಗದ ನಿಯೋಬಿಯಂ. ಅದು ಕೊನೆಗೆ ಗಟ್ಟಿಯಾಗುವ ದ್ರವದಲ್ಲಿ ಸೇರಿ ಬಿಸಿ ಬಿರುಕಿಗೆ ದಾರಿ ಮಾಡಬಹುದು. ದಪ್ಪ ಪ್ಲೇಟು, ಬಿಗಿಯಾಗಿ ಕಟ್ಟಿದ ಜೋಡಣೆ, ಹೆಚ್ಚು ಕ್ಲೋರೈಡ್‌ ಇರುವ ಕಡೆ ನಿಯೋಬಿಯಂ ಇಲ್ಲದ ನಿಕ್ರೋಮೋ-10, ಅಂದರೆ ಸಿ-22 ವಯರ್‌, ಅಥವಾ ನಿಕ್ರೋಮೋ-13, ಅಂದರೆ 59 ವಯರ್‌, ಮೇಲು. ದುಬಾರಿ ನಿಜ. ಆದರೆ ಒಂದು ಮೀಟರ್‌ ವೆಲ್ಡಿಗೆ ಬೇಕಾಗುವುದು ಗ್ರಾಂ ಲೆಕ್ಕದಲ್ಲಿ, ಶೀಟಿನ ಬೆಲೆ ಕಿಲೋ ಲೆಕ್ಕದಲ್ಲಿ.

904ಎಲ್‌ಗೆ ಇಆರ್‌385 ವಯರ್‌ ಸಾಮಾನ್ಯ, ಲೇಪವಿರುವ ವೆಲ್ಡಿಂಗ್‌ ರಾಡಿನಲ್ಲಾದರೆ ಇ385-16. ಮೋಲಿ 4.2ರಿಂದ 5.2, ತಾಮ್ರ 1.2ರಿಂದ 2, ಅಂದರೆ ಶೀಟಿನದೇ ಸಂಯೋಜನೆ. ಗಂಧಕಾಮ್ಲ, ರಂಜಕಾಮ್ಲದ ಕೆಲಸಕ್ಕೆ ಸಾಕು. ಕ್ಲೋರೈಡ್‌ ಜೊತೆಗಿದ್ದರೆ 904ಎಲ್‌ಗೂ 625 ವಯರ್‌ ಹಾಕುವುದು ನಮ್ಮ ಮತ. ಬಿರುಕಿನ ಭಯವೂ ಕಡಿಮೆಯಾಗುತ್ತದೆ.

310 ವಯರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕ್ರೋಮಿಯಂ 25ಕ್ಕೂ ಮೇಲೆ, ನಿಕಲ್‌ 20ಕ್ಕೂ ಮೇಲೆ, ಹಾಗಾಗಿ "ಇದು 904ಕ್ಕಿಂತ ದೊಡ್ಡದು" ಎಂದು ಬಳಸುವವರಿದ್ದಾರೆ. ಅದರಲ್ಲಿ ಮಾಲಿಬ್ಡಿನಮ್‌ ಇಲ್ಲ, ಇಂಗಾಲ ಹೆಚ್ಚು. ಅದು ಕುಲುಮೆಯ ಬಿಸಿಗೆ ಮಾಡಿದ ವಯರ್‌. ಆಸಿಡ್‌ ಲೈನಿಗೆ ಅದನ್ನು ಹಾಕಿದರೆ 316ಕ್ಕೆ ಹತ್ತಿರದ ತಡೆ ಅಷ್ಟೇ ಸಿಗುತ್ತದೆ. 310 ಶೀಟಿಗೆ, ಅದೂ ಬಿಸಿಯ ಕೆಲಸಕ್ಕೆ, ಮಾತ್ರ 310 ವಯರ್‌ ಇಟ್ಟುಕೊಳ್ಳಿ.

ಬೇರೆ ಬೇರೆ ಲೋಹ ಸೇರಿಸುವಾಗ: 904ಎಲ್‌ ಅಥವಾ 254ನ್ನು ಎಂಎಸ್‌ (ಸಾದಾ ಉಕ್ಕಿನ) ಸ್ಟ್ಯಾಂಡಿಗೆ ಬೆಸೆಯಲು ಮೋಲಿ ಇರುವ 309ಎಲ್‌ಎಂಒ ಸಾಕು, ಜೋಡಣೆ ಬಿಗಿಯಿದ್ದರೆ 625. 904ಎಲ್‌ನಿಂದ 316ಎಲ್‌ಗೆ ಇಆರ್‌385. 254ರಿಂದ 904ಕ್ಕೆ 625. ದ್ರವ ತಗುಲಿ ನೆನೆಯುವ ಕಡೆ ಎಂದೂ ಬರೀ 309ಎಲ್‌ ಹಾಕಬೇಡಿ, ಅದರಲ್ಲೂ ಮೋಲಿ ಇಲ್ಲ. ಅಡಿಕೆ ಹಂಡೆಗೆ 904ಎಲ್‌ ಬೇಕೇ ಎಂದು ಕೇಳುವವರಿಗೆ ಉತ್ತರ: ಬೇಡ, 304 ಸಾಕು.

ಬಿಸಿ ಬಿರುಕು

308ಎಲ್‌, 316ಎಲ್‌ ವೆಲ್ಡ್‌ ಲೋಹದಲ್ಲಿ ಸ್ವಲ್ಪ ಫೆರೈಟ್‌ (ಕಬ್ಬಿಣದ ಬೇರೊಂದು ಹರಳು ರಚನೆ) ಬರುವಂತೆ ವಯರ್‌ ತಯಾರಕರೇ ಲೆಕ್ಕ ಹಾಕಿರುತ್ತಾರೆ. ಆ ಫೆರೈಟ್‌ ಗಂಧಕ, ರಂಜಕಗಳನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. 904ಎಲ್‌, 310, 6-ಮೋಲಿ ಇವುಗಳಲ್ಲಿ ಫೆರೈಟ್‌ ಸೊನ್ನೆ. ಗಂಧಕ, ರಂಜಕಗಳು ಕಡಿಮೆ ಬಿಸಿಯಲ್ಲಿ ಕರಗುವ ತೆಳು ಪೊರೆಯಾಗಿ ಕಣಗಳ ನಡುವೆ ಉಳಿದುಬಿಡುತ್ತವೆ. ಲೋಹ ಕುಗ್ಗುವಾಗ ಆ ಪೊರೆ ಇನ್ನೂ ದ್ರವವಾಗಿಯೇ ಇರುತ್ತದೆ, ಅಲ್ಲಿ ಸೀಳುತ್ತದೆ. ಬೀಡಿನ, ಅಂದರೆ ಒಮ್ಮೆಗೆ ಹಾಕಿದ ವೆಲ್ಡ್‌ ಸಾಲಿನ, ನಡುಗೆರೆಯಲ್ಲಿ ಉದ್ದಕ್ಕೆ ಓಡುವ ಬಿರುಕು, ಅದರ ಕೊನೆಯ ಗುಳಿಯಾದ ಕ್ರೇಟರಿನಲ್ಲಿ ನಕ್ಷತ್ರದಂತೆ ಹರಡುವ ಬಿರುಕು, ಎರಡಕ್ಕೂ ಮೂಲ ಇದೇ.

ಇದಕ್ಕೆ ಮದ್ದು ನಾಲ್ಕು ಕಡೆ ಇದೆ. ಶುಚಿತ್ವ ಮೊದಲನೆಯದು, ಅದನ್ನು ಮುಂದೆ ಹೇಳಿದೆ. ಎರಡನೆಯದು ಬೀಡಿನ ಆಕಾರ: ಸ್ವಲ್ಪ ಉಬ್ಬಿರಬೇಕು. ಗುಳಿಬಿದ್ದ ಬೀಡಿನ ಮೇಲ್ಮೈ ಕುಗ್ಗುವಾಗ ಎಳೆತಕ್ಕೆ ಸಿಕ್ಕಿ ನಡುವೆ ಸೀಳುತ್ತದೆ. ಮೂರನೆಯದು ಕ್ರೇಟರ್‌. ಬೀಡಿನ ಕೊನೆಗೆ ಬಂದಾಗ ಟಾರ್ಚ್‌ ಎತ್ತಿಬಿಡಬೇಡಿ. ಮೆಷಿನ್‌ನಲ್ಲಿ ಡೌನ್‌ ಸ್ಲೋಪ್‌ ಇದ್ದರೆ 3ರಿಂದ 5 ಸೆಕೆಂಡಿಗೆ ಇಟ್ಟು, ಕರೆಂಟ್‌ ಇಳಿಯುತ್ತಿದ್ದಂತೆ ಇನ್ನೆರಡು ಹನಿ ವಯರ್‌ ಕೊಟ್ಟು ಗುಳಿ ತುಂಬಿ, ಆರ್ಕನ್ನು ಬೆಸೆದ ಬೀಡಿನ ಮೇಲೆ 8ರಿಂದ 10 ಮಿಮೀ ಹಿಂದಕ್ಕೆ ಎಳೆದು ಅಲ್ಲಿ ಆರಿಸಿ. ವೆಲ್ಡನ್ನು ಗಾಳಿಯಿಂದ ಕಾಯುವ ಆರ್ಗಾನ್‌ ಗ್ಯಾಸ್‌ ಇನ್ನೂ 8ರಿಂದ 10 ಸೆಕೆಂಡ್‌ ಹರಿಯಲಿ, ಟಾರ್ಚ್‌ ಅಲ್ಲೇ ಇರಲಿ. ಮುಂದಿನ ಬೀಡು ಶುರುಮಾಡುವ ಮೊದಲು ಆ ಕ್ರೇಟರನ್ನು ತೆಳುವಾಗಿ ಗ್ರೈಂಡ್‌ ಮಾಡಿ. ತುಂಡುಗಳನ್ನು ಹಿಡಿದಿಡಲು ಮೊದಲು ಹಾಕುವ ಚಿಕ್ಕ ವೆಲ್ಡುಗಳಾದ ಟ್ಯಾಕ್‌ಗಳಿಗೂ ಇದೇ ನಿಯಮ. ಬಿರುಕಿದ ಟ್ಯಾಕನ್ನು ಹಾಗೇ ಕರಗಿಸಿ ಮುಂದೆ ಹೋದರೆ ಬಿರುಕು ಮುಚ್ಚಿಹೋಗುವುದಿಲ್ಲ, ಬೀಡಿನ ಜೊತೆ ಓಡಿಬರುತ್ತದೆ. ನಾಲ್ಕನೆಯದು ಶಾಖ.

ಶಾಖದ ಲೆಕ್ಕ

ಬೆಸೆಯುವ ಮೊದಲು ಲೋಹ ಕಾಯಿಸುವ ಪ್ರೀಹೀಟ್‌ ಬೇಡವೇ ಬೇಡ. ಎರಡು ಪಾಸಿನ, ಅಂದರೆ ಒಂದರ ಮೇಲೊಂದು ಹಾಕುವ ವೆಲ್ಡ್‌ ಪದರಗಳ, ನಡುವೆ ಲೋಹ 100 ಡಿಗ್ರಿಗಿಂತ ಕೆಳಗೆ ಬಂದಿರಬೇಕು, ಶಾಖ ಮಿಲಿಮೀಟರಿಗೆ 1.5 ಕಿಲೋಜೂಲ್‌ ದಾಟಬಾರದು. ಲೆಕ್ಕ ಸುಲಭ. ವೋಲ್ಟ್‌ ಗುಣಿಸು ಆಂಪ್ಸ್‌ ಗುಣಿಸು 60, ಅದನ್ನು ನಿಮಿಷಕ್ಕೆ ಎಷ್ಟು ಮಿಮೀ ಓಡಿದಿರೋ ಅದರ ಸಾವಿರ ಪಟ್ಟಿನಿಂದ ಭಾಗಿಸಿ. 11 ವೋಲ್ಟ್‌, 100 ಆಂಪ್ಸ್‌, ನಿಮಿಷಕ್ಕೆ 80 ಮಿಮೀ ಓಡಿದರೆ 0.83 ಕಿಲೋಜೂಲ್‌ ಬರುತ್ತದೆ, ಒಳ್ಳೆಯದು. ಅದೇ ಕರೆಂಟಿನಲ್ಲಿ ಅಗಲಕ್ಕೆ ಅಲ್ಲಾಡಿಸುತ್ತ 40 ಮಿಮೀ ಮಾತ್ರ ಓಡಿದರೆ 1.65, ಮಿತಿ ದಾಟಿತು. ಮೀಟರ್‌ ನೋಡದೆ ತಪ್ಪುವುದು ಹೆಚ್ಚಾಗಿ ಹೀಗೆಯೇ: ಕರೆಂಟ್‌ ಸರಿಯಿರುತ್ತದೆ, ಕೈ ನಿಧಾನವಾಗಿರುತ್ತದೆ. ನೇರ ಸ್ಟ್ರಿಂಗರ್‌ ಬೀಡು ಹಾಕಿ, ಬೇಕಿದ್ದರೆ ಒಂದು ಅಗಲ ಬೀಡಿನ ಬದಲು ಮೂರು ಸಣ್ಣ ಬೀಡು.

ಶಾಖ ಮಿತಿ ಮೀರಿದರೆ ಕೊಂಬೆಗಳು ದಪ್ಪವಾಗಿ ಮೋಲಿಯ ಹಂಚಿಕೆ ಇನ್ನೂ ಕೆಡುತ್ತದೆ. 600ರಿಂದ 1000 ಡಿಗ್ರಿಯ ನಡುವೆ ಹೆಚ್ಚು ಹೊತ್ತು ನಿಂತ ಲೋಹದಲ್ಲಿ ಸಿಗ್ಮಾದಂಥ ಬಿರುಸು ಹಂತಗಳು ಹುಟ್ಟುತ್ತವೆ. ಈ ಉಕ್ಕು ಶಾಖವನ್ನು ಎಂಎಸ್‌ಗಿಂತ ಮೂರು ಪಟ್ಟಿಗೂ ನಿಧಾನವಾಗಿ ಸಾಗಿಸುತ್ತದೆ, ಹಿಗ್ಗುವುದು ಮಾತ್ರ ಕಾಲುಭಾಗಕ್ಕೂ ಹೆಚ್ಚು. ಹಾಗಾಗಿ ಬಿಸಿ ಒಂದೇ ಕಡೆ ನಿಲ್ಲುತ್ತದೆ, ಶೀಟು ಸೊಟ್ಟಗಾಗುತ್ತದೆ. 3 ಮಿಮೀ ಶೀಟಿಗೆ 40ರಿಂದ 50 ಮಿಮೀಗೊಂದು ಟ್ಯಾಕ್‌ ಕೊಡಿ. ಮೊದಲು ಎರಡು ತುದಿ, ಆಮೇಲೆ ನಡು, ಆಮೇಲೆ ಉಳಿದ ಅರ್ಧಗಳ ನಡು. ಒಂದು ತುದಿಯಿಂದ ಸಾಲಾಗಿ ಟ್ಯಾಕ್‌ ಹಾಕುತ್ತ ಹೋದರೆ ಇನ್ನೊಂದು ತುದಿಯ ಗ್ಯಾಪು ಕತ್ತರಿಯಂತೆ ಮುಚ್ಚಿಕೊಳ್ಳುತ್ತದೆ. ಬೇಗ ತಣಿಸಲು ಒಣ ಗಾಳಿ ಬಿಡಬಹುದು, ಕಂಪ್ರೆಸರಿನ ಎಣ್ಣೆ ಬರದಿರಲಿ.

ಮಳೆಗಾಲದ ಕೆಲಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಶೆಡ್ಡಿನಲ್ಲಿ ತೆರೆದಿಟ್ಟ ಸ್ಟೇನ್‌ಲೆಸ್‌ ರಾಡಿನ ಲೇಪ ಡಬ್ಬಿ ಮುಚ್ಚದ ಹಪ್ಪಳದಂತೆ ತೇವ ಹೀರುತ್ತದೆ. ಎಂಎಸ್‌ನಂತೆ ಇಲ್ಲಿ ಹೈಡ್ರೋಜನ್‌ ಬಿರುಕಿನ ಭಯವಿಲ್ಲ, ಕಾಟ ಕೊಡುವುದು ರಂಧ್ರಗಳು. ಬೀಡು ಶುರುವಾಗುವ ಜಾಗದಲ್ಲಿ ಹುಳು ಕೊರೆದಂಥ ತೂತು, ಬಿಡದೆ ಅಂಟಿಕೊಳ್ಳುವ ಸ್ಲ್ಯಾಗ್‌ (ಲೇಪ ಕರಗಿ ಆಗುವ ಚಕ್ಕೆ) ಕಂಡರೆ ರಾಡು ತೇವವಾಗಿದೆ ಎಂದೇ ತಿಳಿಯಿರಿ. ಸಾಮಾನ್ಯವಾಗಿ 250ರಿಂದ 300 ಡಿಗ್ರಿಯಲ್ಲಿ ಒಂದೆರಡು ಗಂಟೆ ಓವನ್‌ನಲ್ಲಿ ಒಣಗಿಸಬೇಕು. ಪ್ಯಾಕೆಟ್‌ ಮೇಲೆ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಒಣಗಿದ ಮೇಲೆ 100ರಿಂದ 120 ಡಿಗ್ರಿಯ ಹೋಲ್ಡಿಂಗ್‌ ಓವನ್‌ನಲ್ಲಿಡಿ, ಕೆಲಸದ ಜಾಗಕ್ಕೆ ಸಣ್ಣ ಪೋರ್ಟಬಲ್‌ ಓವನ್‌ನಲ್ಲಿ ಒಯ್ಯಿರಿ. ಹೊಗೆ ಅಟ್ಟದ ಮೇಲೆ ಅಥವಾ ಹಂಡೆಯ ಒಲೆಯ ಪಕ್ಕ ಇಡುವುದು ಒಣಗಿಸುವುದಲ್ಲ.

ಬೆಳಗ್ಗೆ ತಣ್ಣಗಿರುವ ಪ್ಲೇಟಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಇರುತ್ತದೆ. ಬಿಸಿಗಾಳಿಯ ಗನ್‌ನಿಂದ ಕೈಗೆ ಬೆಚ್ಚಗೆನಿಸುವಷ್ಟು, 40-50 ಡಿಗ್ರಿ, ಒಣಗಿಸಿ. ಇದು ಪ್ರೀಹೀಟ್‌ ಅಲ್ಲ. ಗ್ಯಾಸ್‌ ಕಟಿಂಗ್‌ ಟಾರ್ಚನ್ನು ಹತ್ತಿರ ತರಬೇಡಿ, ಮಸಿ ಹತ್ತಿದರೆ ಇಂಗಾಲ ಸೇರುತ್ತದೆ. ರಾತ್ರಿಯಿಡೀ ನಿಂತ ಆರ್ಗಾನ್‌ ಪೈಪಿನೊಳಗೂ ತೇವ ಬಂದಿರುತ್ತದೆ, ಮೊದಲ ಆರ್ಕ್‌ಗೆ ಮುಂಚೆ ಒಂದೆರಡು ನಿಮಿಷ ಸುಮ್ಮನೆ ಗ್ಯಾಸ್‌ ಬಿಡಿ. ಗಾಳಿ ಬೀಸುವ ಕಡೆ ತಾರ್ಪಾಲಿನ್‌ ಕಟ್ಟಿ. ಗಾಳಿಗೆ ಗ್ಯಾಸ್‌ ಹೆಚ್ಚಿಸುವುದು ಪರಿಹಾರವಲ್ಲ. ನಳಿಕೆಯಿಂದ ಆರ್ಗಾನ್‌ ರಭಸವಾಗಿ ಬಂದರೆ ಸುಳಿಯಾಗಿ ಹೊರಗಿನ ಗಾಳಿಯನ್ನೇ ಒಳಗೆ ಎಳೆಯುತ್ತದೆ.

ಶುಚಿತ್ವ

ಎಂಎಸ್‌ ಮುಟ್ಟಿದ ಗ್ರೈಂಡಿಂಗ್‌ ಡಿಸ್ಕ್‌, ಬ್ರಷ್‌, ಕ್ಲ್ಯಾಂಪ್‌ ಇಲ್ಲಿಗೆ ಬರಬಾರದು. ಸ್ಟೇನ್‌ಲೆಸ್‌ ತಂತಿಯ ಬ್ರಷ್ಷಿಗೆ ಬಣ್ಣ ಬಳಿದು ಬೇರೆಯೇ ಇಡಿ. ಅಂಚಿನಿಂದ ಎರಡೂ ಬದಿ, ಎರಡೂ ಮುಖ 25 ಮಿಮೀವರೆಗೆ ಅಸಿಟೋನ್‌ ಬಟ್ಟೆಯಿಂದ ಒರೆಸಿ. ಸೀಮೆಸುಣ್ಣ, ಎಣ್ಣೆ, ಮಾರ್ಕರಿನ ಶಾಯಿ ಇವೆಲ್ಲ ಗಂಧಕ, ಕ್ಲೋರಿನ್‌ ತರುತ್ತವೆ. ಅತಿ ಅಪಾಯ ಸತು. ಮಲೆನಾಡಿನ ಶೆಡ್ಡುಗಳ ತುಂಬ ಸತು ಲೇಪಿಸಿದ ಜಿಐ ಶೀಟೇ. ಜಿಐ ಪೈಪಿನ ಸ್ಟ್ಯಾಂಡಿಗೆ ಸ್ಟೇನ್‌ಲೆಸ್‌ ಒರಗಿಸಿ ಬೆಸೆದರೆ ಕರಗಿದ ಸತು ಉಕ್ಕಿನ ಕಣಗಳ ನಡುವೆ ನುಗ್ಗಿ ಕ್ಷಣದಲ್ಲಿ ಸೀಳುತ್ತದೆ. ತಾಮ್ರದ ಪಟ್ಟಿಯನ್ನು ಹಿಂದೆ ಇಟ್ಟು ಬೆಸೆಯುವಾಗಲೂ ಆರ್ಕ್‌ ತಾಮ್ರಕ್ಕೆ ತಗುಲದಿರಲಿ.

ಟಿಗ್‌: ರೂಟ್‌ ಪಾಸಿನಿಂದ ಮೇಲಕ್ಕೆ

ಟಿಗ್‌ ಎಂದರೆ ಟಂಗ್‌ಸ್ಟನ್‌ ತುದಿಯ ಆರ್ಕ್‌ನಲ್ಲಿ, ಆರ್ಗಾನ್‌ ಹೊದಿಕೆಯಡಿ, ವಯರನ್ನು ಕೈಯಿಂದ ಕೊಟ್ಟು ಬೆಸೆಯುವುದು. ರೂಟ್‌ ಎಂದರೆ ಜೋಡಣೆಯ ತಳದ ಮೊದಲ ಪದರ. 6 ಮಿಮೀ ಪ್ಲೇಟ್‌ ಎಂದುಕೊಳ್ಳಿ. ಎರಡೂ ಅಂಚು 35 ಡಿಗ್ರಿ ಓರೆ, ಒಟ್ಟು 70. ರೂಟ್‌ ಫೇಸ್‌ (ಓರೆ ಮಾಡದೆ ಬಿಟ್ಟ ತಳದ ಅಂಚು) 1 ಮಿಮೀ, ಗ್ಯಾಪ್‌ 2.5 ಮಿಮೀ. 316ಕ್ಕೆ ರೂಢಿಯಾದ 60 ಡಿಗ್ರಿಗಿಂತ ಅಗಲ, ಯಾಕೆಂದರೆ ನಿಕಲ್‌ ವಯರಿನ ಕರಗಿದ ಲೋಹ ಮಂದ, ತಾನಾಗಿ ಪಕ್ಕಕ್ಕೆ ಹರಿಯುವುದಿಲ್ಲ. ವಯರನ್ನು ಎಲ್ಲಿ ಬೇಕೋ ಅಲ್ಲಿಗೇ ಕೊಡಬೇಕು. ಹರಿಯಲಿಲ್ಲವೆಂದು ಕರೆಂಟ್‌ ಏರಿಸುವುದು ಹೊಸಬರೆಲ್ಲ ಮಾಡುವ ಕೆಲಸ. ಅದರಿಂದ ಶೀಟು ಹೆಚ್ಚು ಕರಗಿ ವಯರಿನ ಶ್ರೀಮಂತಿಕೆ ತೆಳುವಾಗುತ್ತದೆ. ಗ್ಯಾಪ್‌ ಇಲ್ಲದೆ ಅಂಚು ಕೂಡಿಸಿದರೂ ಅದೇ ಗತಿ.

ವಯರ್‌ ಎಷ್ಟು ಬೇಕು? ಈ ಜೋಡಣೆಯ ಅಡ್ಡಕೊಯ್ತ ಸುಮಾರು 32.5 ಚದರ ಮಿಮೀ. ಒಂದು ಮೀಟರಿಗೆ 32.5 ಘನ ಸೆಂಮೀ, 625 ವಯರಿನ ಸಾಂದ್ರತೆ 8.4ರಂತೆ 273 ಗ್ರಾಂ. ಮೇಲಿನ ಉಬ್ಬು, ಉಳಿಯುವ ತುಂಡು ಸೇರಿಸಿ 350 ಗ್ರಾಂ ಹಿಡಿಯಿರಿ. 2.4 ಮಿಮೀ, ಒಂದು ಮೀಟರ್‌ ಉದ್ದದ ರಾಡು 38 ಗ್ರಾಂ, ಅಂದರೆ ಒಂಬತ್ತು ಹತ್ತು ರಾಡು.

ಡಿಸಿ, ಟಾರ್ಚ್‌ ನೆಗೆಟಿವ್‌. ಟಂಗ್‌ಸ್ಟನ್‌ 2.4 ಮಿಮೀ. ಆರ್ಗಾನ್‌ 99.99ಕ್ಕೆ ಕಡಿಮೆ ಬೇಡ, ನಿಮಿಷಕ್ಕೆ 8ರಿಂದ 12 ಲೀಟರ್‌, ಗ್ಯಾಸನ್ನು ಸಮನಾಗಿ ಹರಿಸುವ ಜಾಲರಿ, ಅಂದರೆ ಗ್ಯಾಸ್‌ ಲೆನ್ಸ್‌, ಇದ್ದರೆ ಒಳ್ಳೆಯದು. 254ಕ್ಕೆ ಆರ್ಗಾನಿನಲ್ಲಿ 2 ಭಾಗ ನೈಟ್ರೋಜನ್‌ ಬೆರೆಸಿದ ಸಿಲಿಂಡರ್‌ ಸಿಕ್ಕರೆ ವೆಲ್ಡಿನಿಂದ ಹಾರಿಹೋಗುವ ನೈಟ್ರೋಜನ್‌ ಸ್ವಲ್ಪ ತುಂಬುತ್ತದೆ. ರೂಟಿಗೆ 80ರಿಂದ 100 ಆಂಪ್ಸ್‌. ವಯರಿನ ಬಿಸಿ ತುದಿ ಗ್ಯಾಸಿನ ಹೊದಿಕೆಯಿಂದ ಹೊರಬರಬಾರದು. ಬಂದು ಕಪ್ಪಾದರೆ ಆ ತುದಿಯನ್ನು ಕತ್ತರಿಸಿ ಮುಂದುವರಿಯಿರಿ.

ಪೈಪಾದರೆ ಒಳಗೆ ಪರ್ಜಿಂಗ್‌ (ಆರ್ಗಾನ್‌ ತುಂಬಿ ಗಾಳಿ ಹೊರಹಾಕುವುದು) ಇಲ್ಲದೆ ರೂಟ್‌ ಮುಟ್ಟಬೇಡಿ. 100 ಮಿಮೀ ಒಳವ್ಯಾಸದ ಪೈಪಿನಲ್ಲಿ 600 ಮಿಮೀ ಅಂತರಕ್ಕೆ ಎರಡು ಅಡ್ಡಕಟ್ಟು ಹಾಕಿದರೆ ಒಳಗಿನ ಜಾಗ 4.7 ಲೀಟರ್‌. ಕನಿಷ್ಠ ಹತ್ತು ಪಟ್ಟು ಗ್ಯಾಸ್‌ ಹೋಗಬೇಕು, ನಿಮಿಷಕ್ಕೆ 10 ಲೀಟರಿನಂತೆ ಐದು ನಿಮಿಷ. ಆರ್ಗಾನ್‌ ಗಾಳಿಗಿಂತ ಭಾರ, ಹಾಗಾಗಿ ಕೆಳಗಿನಿಂದ ಬಿಟ್ಟು ಮೇಲಿನಿಂದ ಹೊರಬಿಡಿ. ಜೋಡಣೆಯ ಗ್ಯಾಪಿಗೆ ಟೇಪ್‌ ಸುತ್ತಿ, ಬೆಸೆಯುತ್ತ ಹೋದಂತೆ ಬಿಚ್ಚಿ. ಆಕ್ಸಿಜನ್‌ ಮೀಟರಿನಲ್ಲಿ 50 ಪಿಪಿಎಂಗಿಂತ ಕೆಳಗೆ ಬಂದ ಮೇಲೆ ಶುರುಮಾಡಿ. ಕೊನೆಯ ಒಂದೆರಡು ಸೆಂಮೀ ಬೆಸೆಯುವಾಗ ಒಳ ಒತ್ತಡ ಏರಿ ರೂಟನ್ನು ಹೊರಕ್ಕೆ ಊದುತ್ತದೆ, ಆಗ ಹರಿವು ಇಳಿಸಿ. ರೂಟ್‌ ಮುಗಿಯಿತೆಂದು ಪರ್ಜ್‌ ನಿಲ್ಲಿಸಬೇಡಿ, ಇನ್ನೆರಡು ಪಾಸ್‌ ಆಗುವವರೆಗೆ ಇರಲಿ.

ಒಳಗಿನ ಬಣ್ಣ ಬೆಳ್ಳಿ ಅಥವಾ ತೆಳು ಹಳದಿ ಇದ್ದರೆ ಸರಿ. ನೀಲಿ ಬಂದರೆ ಪಿಕ್ಲಿಂಗ್‌ (ಆಮ್ಲದಿಂದ ಮೇಲ್ಪೊರೆ ತೆಗೆಯುವುದು) ಮಾಡಲೇಬೇಕು. ಬೂದು, ಕಪ್ಪು, ಸಕ್ಕರೆ ಹರಳಿನಂಥ ಮೇಲ್ಮೈ ಬಂದರೆ ಕತ್ತರಿಸಿ ಮತ್ತೆ ಬೆಸೆಯಿರಿ, ಅದಕ್ಕೆ ಬೇರೆ ದಾರಿಯಿಲ್ಲ.

ಪ್ರತಿ ಪಾಸಿನ ಮೇಲೂ ಗ್ರೈಂಡ್‌ ಮಾಡಿ, ಬರೀ ಬ್ರಷ್‌ ಸಾಲದು. ನಿಕಲ್‌ ಆಕ್ಸೈಡ್‌ ಕರಗುವುದು 1950 ಡಿಗ್ರಿಯ ಆಸುಪಾಸಿನಲ್ಲಿ, 625 ಲೋಹ ಕರಗುವುದು 1290ರಿಂದ 1350ರಲ್ಲಿ. ಮೇಲಿನ ಪೊರೆ ಕರಗದೆ ಮುಂದಿನ ಪಾಸಿನ ಕೆಳಗೆ ಹಾಗೇ ಹೂತುಹೋಗುತ್ತದೆ, ಎಕ್ಸ್‌ರೇಯಲ್ಲಿ ಬೆಸೆಯದ ಗೆರೆಯಾಗಿ ಕಾಣುತ್ತದೆ.

ರಾಡು ವೆಲ್ಡಿಂಗ್‌ಗೆ ಡಿಸಿ, ರಾಡು ಪಾಸಿಟಿವ್‌. 2.5 ಮಿಮೀಗೆ 60ರಿಂದ 75 ಆಂಪ್ಸ್‌, ಆರ್ಕ್‌ ಚಿಕ್ಕದು, ಅಲ್ಲಾಡಿಸುವುದು ರಾಡಿನ ವ್ಯಾಸದ ಎರಡು ಪಟ್ಟು ಮೀರದಿರಲಿ. ರೂಟನ್ನು ಮಾತ್ರ ಟಿಗ್‌ನಲ್ಲೇ ಮಾಡಿ. ವಯರ್‌ ತಾನಾಗಿ ಬರುವ ಮಿಗ್‌ನಲ್ಲಿ ಎಂಎಸ್‌ಗೆ ಬಳಸುವ 80-20 ಮಿಶ್ರಣ ಬೇಡ, ಅದರ ಕಾರ್ಬನ್‌ ಡೈಆಕ್ಸೈಡ್‌ ವೆಲ್ಡಿಗೆ ಇಂಗಾಲ ಸೇರಿಸುತ್ತದೆ. 625ಕ್ಕೆ ಶುದ್ಧ ಆರ್ಗಾನ್‌ ಅಥವಾ ಆರ್ಗಾನ್‌-ಹೀಲಿಯಂ, ಪಲ್ಸ್‌ ಮೆಷಿನ್‌. ಮಳೆಯಲ್ಲಿ ಕರೆಂಟ್‌ ಏರಿಳಿಯುವ ಊರುಗಳಲ್ಲಿ ರೂಟ್‌ ನಡುವೆ ಮೆಷಿನ್‌ ಟ್ರಿಪ್‌ ಆಗುವುದು ಮಾಮೂಲು. ಹಾಗಾದಲ್ಲಿ ಕ್ರೇಟರ್‌ ಗ್ರೈಂಡ್‌ ಮಾಡದೆ ಮತ್ತೆ ಆರ್ಕ್‌ ಹೊಡೆಯಬೇಡಿ.

ಬೆಸೆದ ಮೇಲೆ

ತಣಿದ ವೆಲ್ಡನ್ನು, ಬಿರುಕಿಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವವಾದ ಡೈ ಪೆನಿಟ್ರೆಂಟಿನಿಂದ ಪರೀಕ್ಷಿಸಿ, ಕ್ರೇಟರ್‌ ಮತ್ತು ಬೀಡು ಶುರುವಾದ ಜಾಗಗಳನ್ನು ವಿಶೇಷವಾಗಿ ನೋಡಿ. ಆಮೇಲೆ ಡೈ ಪೂರ್ತಿ ಒರೆಸಿ ತೆಗೆದು ಪಿಕ್ಲಿಂಗ್‌ ಪೇಸ್ಟ್‌ ಹಚ್ಚಿ. ನೈಟ್ರಿಕ್‌ ಮತ್ತು ಹೈಡ್ರೋಫ್ಲೋರಿಕ್‌ ಆಮ್ಲದ ಈ ಪೇಸ್ಟ್‌ 316ಕ್ಕಿಂತ 904ಎಲ್‌, 254ರ ಮೇಲೆ ಹೆಚ್ಚು ಹೊತ್ತು ಬೇಡುತ್ತದೆ, ಮಳೆಗಾಲದ ಚಳಿಯಲ್ಲಿ ಇನ್ನೂ ಹೆಚ್ಚು. ಟೈಲ್ಸ್‌ ತೊಳೆಯುವ ಆಸಿಡ್‌ ಬಳಸಬೇಡಿ, ಅದು ಹೈಡ್ರೋಕ್ಲೋರಿಕ್‌, ಚುಕ್ಕಿ ತುಕ್ಕನ್ನು ಅದೇ ಶುರುಮಾಡಿಕೊಡುತ್ತದೆ.

ಹೈಡ್ರೋಫ್ಲೋರಿಕ್‌ ಚರ್ಮಕ್ಕೆ ತಗುಲಿದಾಗ ಮೊದಲಿಗೆ ಉರಿ ಗೊತ್ತಾಗದಿರಬಹುದು, ಒಳಗಿಳಿದು ಮೂಳೆಯವರೆಗೂ ಹೋಗುತ್ತದೆ. ಉದ್ದ ಕೈಗವಸು, ಮುಖದ ಕವಚ, ಏಪ್ರನ್‌ ಹಾಕಿಕೊಳ್ಳಿ. 2.5 ಭಾಗದ ಕ್ಯಾಲ್ಸಿಯಂ ಗ್ಲುಕೋನೇಟ್‌ ಜೆಲ್‌ ಕೈಗೆ ಸಿಗುವಂತೆ ಇರಲಿ. ತಗುಲಿದರೆ ಧಾರಾಳ ನೀರಿನಿಂದ ತೊಳೆದು, ಜೆಲ್‌ ಉಜ್ಜುತ್ತಲೇ ಆಸ್ಪತ್ರೆಗೆ ಹೋಗಿ, ಡಬ್ಬಿಯ ಲೇಬಲ್‌ ಜೊತೆಗೊಯ್ಯಿರಿ. ಪೇಸ್ಟ್‌ ತೊಳೆದ ನೀರನ್ನು ತೊಟ್ಟಿಯಲ್ಲಿ ಹಿಡಿದು ಸುಣ್ಣ ಹಾಕಿ ಆಮ್ಲ ಮುರಿಯಿರಿ. ತಳಕ್ಕೆ ಕೂತ ಕೆಸರಿನಲ್ಲಿ ಕ್ರೋಮಿಯಂ, ನಿಕಲ್‌ ಇರುತ್ತವೆ, ಅದನ್ನು ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇರುವವರಿಗೇ ಕೊಡಬೇಕು. ತುಂಗೆಗೋ ಭದ್ರೆಗೋ ಸೇರುವ ಚರಂಡಿಗೆ ಬಿಡುವಂತಿಲ್ಲ.

ಕೊನೆಗೆ ಹೈಡ್ರೋ ಟೆಸ್ಟ್‌, ಅಂದರೆ ನೀರು ತುಂಬಿ ಒತ್ತಡ ಕೊಟ್ಟು ನೋಡುವುದು. ಕ್ಲೋರೈಡ್‌ 50 ಪಿಪಿಎಂಗಿಂತ ಕಡಿಮೆ ಇರುವ ನೀರು ಬಳಸಿ. ಬೋರ್‌ವೆಲ್‌ ನೀರಾದರೆ ಮೊದಲು ಪರೀಕ್ಷೆ ಮಾಡಿಸಿ. ಒತ್ತಡ ಇಳಿಸಿದ ದಿನವೇ ನೀರು ಪೂರ್ತಿ ಬಸಿದು, ತಗ್ಗಿನಲ್ಲಿ ನಿಂತದ್ದನ್ನೂ ತೆಗೆದು, ಗಾಳಿ ಊದಿ ಒಣಗಿಸಿ, ಎರಡೂ ತುದಿಗೆ ಪ್ಲಾಸ್ಟಿಕ್‌ ಮುಚ್ಚಳ ಹಾಕಿ ಕಳಿಸಿ.